ಅತ್ತೆ ತಿರುಗಿಸಿದ ಮುಯ್ಯಿ

ಅತ್ತೆಯ ಎರಡೂ ಕೈ ಮೊಣಕೈತನಕ ಕೆಂಪಗಿದ್ದವು. ಮದರಂಗಿಯ ಕೆಂಪಲ್ಲ, ಒಣಮೆಣಸಿನಕಾಯಿಯದು. ಉಗುರಿನ ಸಂದಿ, ಅಂಗೈಯ ಗೆರೆ, ಬಳೆಯ ಕೆಳಗಿನ ಚರ್ಮ, ಎಲ್ಲ ಕಡೆ ಖಾರ ಕೂತುಬಿಟ್ಟಿತ್ತು. ಎಷ್ಟು ತಿಕ್ಕಿ ತೊಳೆದರೂ ಹೋಗುತ್ತಿರಲಿಲ್ಲ. ಆ ಕೈಯಿಂದ ಕೆನ್ನೆಗೆ ಬಾರಿಸಿದಳೆಂದರೆ ಎರಡು ಸಲ ಉರಿಯುತ್ತಿತ್ತು, ಮೊದಲು ಪೆಟ್ಟಿಗೆ, ಆಮೇಲೆ ಖಾರಕ್ಕೆ. ಇದು ನಾನು ಯಾರಿಂದಲೋ ಕೇಳಿ ಬರೆಯುತ್ತಿರುವ ಮಾತಲ್ಲ.

ಆಕೆ ನನ್ನ ಅಪ್ಪನ ಅಕ್ಕ. ನನ್ನನ್ನು ಹೆತ್ತವಳು ಬಾಣಂತನದಲ್ಲೇ ಹೋದದ್ದರಿಂದ ನನ್ನನ್ನು ಎತ್ತಿ ಆಡಿಸಿ, ಹೊಡೆದು ಬೆಳೆಸಿದವಳು ಅತ್ತೆಯೇ. ಊರು ಹರಪನಹಳ್ಳಿಯಿಂದ ಹಡಗಲಿಯ ಕಡೆ ಹೋಗುವಾಗ ಸಿಗುವ ಹೊಳೆದಂಡೆಯ ಊರು, ಹೆಸರು ಬೇಡ. ನಮ್ಮ ಕೇರಿಯ ಬಾಯಲ್ಲೇ ಆಕೆಯ ಖಾರದ ಗಿರಣಿ ಇತ್ತು. ಕಬ್ಬಿಣದ ಒನಕೆಗಳು ಮೇಲೆ ಹೋಗಿ ಧಡ್ ಎಂದು ಒರಳಿಗೆ ಬೀಳುವ ಯಂತ್ರ ಅದು. ಜೋಳ ಬೀಸಿಸಲು ಮೇಲಿನ ಓಣಿಯವರು ನಮ್ಮ ಕೇರಿಗೆ ಕಾಲಿಡುತ್ತಿರಲಿಲ್ಲ. ಖಾರ ಕುಟ್ಟಿಸಲು ಮಾತ್ರ ಬರುತ್ತಿದ್ದರು, ಯಾಕೆಂದರೆ ಅಂಥ ಯಂತ್ರ ಬೇಕೆಂದರೆ ಚಿಗಟೇರಿಯ ಕಡೆಗೆ ಹೋಗಬೇಕಿತ್ತು. ಅತ್ತೆ ನಗುತ್ತಿದ್ದಳು. "ಖಾರಕ್ಕ ಮೈಲಿಗಿ ಹತ್ತಂಗಿಲ್ಲ ನೋಡು, ಹತ್ತಿದ್ರೂ ಸುಟ್ಟು ಹೋಗ್ತೈತಿ" ಎಂದು ಹೇಳಿ ಗಟ್ಟಿಯಾಗಿ ಸೀನುತ್ತಿದ್ದಳು.

ಆಕೆಗೆ ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ. ಇಡೀ ದಿನ ಒನಕೆಯ ಸದ್ದಿನ ಮೇಲೆ ಕೂಗಿ ಕೂಗಿ ಗಂಟಲೇ ಹಾಗಾಗಿತ್ತು. ನಮ್ಮ ಮನೆಯ ಯಾವ ಸಂಗತಿಯೂ ಕೇರಿಗೆ ಗೊತ್ತಿಲ್ಲದೆ ಉಳಿಯಲಿಲ್ಲ. ನಾನು ದೊಡ್ಡವಳಾದ ಸುದ್ದಿಯನ್ನು ಪಕ್ಕದ ಮನೆಯವಳ ಕಿವಿಯಲ್ಲಿ ಹೇಳುತ್ತೇನೆಂದು ಹೋಗಿ ಬಸ್ ನಿಲ್ದಾಣದವರೆಗೆ ಮುಟ್ಟಿಸಿ ಬಂದಳು. ಅತ್ತಿ, ಸ್ವಲ್ಪ ಸಣ್ಣಗೆ ಮಾತಾಡು ಎಂದರೆ, "ಸಣ್ಣ ದನೀಲೆ ಮಾತಾಡಾಕ ನಾನೇನ್ ಕಳವು ಮಾಡೀನೇನ್ಲೇ?" ಎನ್ನುತ್ತಿದ್ದಳು. ಕೋಪವೂ ಹಾಗೆಯೇ, ಒಳಗೆ ಇಟ್ಟುಕೊಳ್ಳುವ ಪದ್ಧತಿ ಇರಲಿಲ್ಲ. ಬಂದ ಕೋಪವನ್ನು ಬಂದ ಕಡೆಯೇ ಖರ್ಚು ಮಾಡಿ, ಮನೆಗೆ ಬಂದು ಹೊಟ್ಟೆ ತುಂಬ ಉಂಡು ಮಲಗುತ್ತಿದ್ದಳು.

ಮಾವ ಗೌಂಡಿ ಕೆಲಸದವನು. ಹಗರಿಬೊಮ್ಮನಹಳ್ಳಿಯಲ್ಲಿ ಯಾರದೋ ಮೂರನೇ ಮಾಳಿಗೆ ಕಟ್ಟುವಾಗ ಸಾರವೆ ಮುರಿದು ಬಿದ್ದು ಸತ್ತ. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಹೂಳುತ್ತೇವೆ. ಹೊಳೆಯ ದಂಡೆಯಲ್ಲಿ ನಮ್ಮ ಕೇರಿಯ ಸುಡುಗಾಡಿದೆ. ಹೂಳುವ ಜಾಗವಾದರೂ ಎಲ್ಲರೂ ಕರೆಯುವುದು ಸುಡುಗಾಡು ಎಂದೇ. ಮಾವನನ್ನು ಅಲ್ಲೇ ಇಟ್ಟೆವು. ಅದರ ಆಚೆ ಬರೀ ಮರಳು. ತುಂಗಭದ್ರೆಯ ಮರಳಿಗೆ ಈಗ ಎಂಥ ಬೆಲೆ ಎಂದು ಹೇಳಬೇಕಾಗಿಲ್ಲ. ಹೊಳೆಯಲ್ಲಿ ಮರಳು ಖಾಲಿಯಾಗುತ್ತ ಬಂದಂತೆ ಅಗೆಯುವವರು ದಂಡೆಗೆ ಹತ್ತಿದರು, ದಂಡೆಯಿಂದ ನಮ್ಮ ಸುಡುಗಾಡಿನ ಅಂಚಿಗೆ ಬಂದರು.

ಒಂದು ಬೆಳಿಗ್ಗೆ ಬಟ್ಟೆ ಒಗೆಯಲು ಹೋದ ಹೆಂಗಸರು ಬಾಯಿ ಬಡಿದುಕೊಳ್ಳುತ್ತ ಓಡಿ ಬಂದರು. ಅತ್ತೆ ಯಂತ್ರ ನಿಲ್ಲಿಸಿ, ಕೈಯ ಖಾರ ಕೂಡ ಕೊಡವದೆ ಹೊರಟಳು. ಹಿಂದೆ ನಾನು. ಟ್ರ್ಯಾಕ್ಟರಿನ ಟ್ರೇಲರ್ ತುಂಬ ಮರಳು, ಮರಳಿನ ಮೇಲೆ ಹಲ್ಲು ಸಮೇತ ಒಂದು ದವಡೆ, ಒಂದೆರಡು ಉದ್ದನೆಯ ಎಲುಬು. ಅತ್ತೆ ಟ್ರೇಲರ್ ಹತ್ತಿ ಎಲುಬುಗಳನ್ನು ಆರಿಸಿ ಉಡಿಗೆ ಹಾಕಿಕೊಳ್ಳತೊಡಗಿದಳು. ಡ್ರೈವರನಿಗೆ ಅಷ್ಟು ಹೊತ್ತು ಕಾಯುವ ಪುರುಸೊತ್ತು ಇರಲಿಲ್ಲವೇನೋ, ಗಾಡಿ ಎಳೆದೇಬಿಟ್ಟ. ಅತ್ತೆ ಹಿಂದಕ್ಕೆ ಉರುಳಿ ನೆಲಕ್ಕೆ ಬಿದ್ದಳು. ಬಿದ್ದವಳು ಎದ್ದದ್ದು ಕೈಯಲ್ಲಿ ಕಲ್ಲು ಹಿಡಿದೇ. ಆ ಕಲ್ಲು ಡ್ರೈವರನ ಬುರುಡೆಗೆ ಕೂತು, ಅವನು ರಕ್ತ ಸುರಿಸುತ್ತ ಸ್ಟೇರಿಂಗಿನ ಮೇಲೆ ಒರಗಿದ. ಪಕ್ಕದಲ್ಲೇ ಅಗೆಯುತ್ತಿದ್ದ ಜೆಸಿಬಿ ಮೇಲಿದ್ದವನು ಸುಮ್ಮನಿರಲಿಲ್ಲ. ಆ ಕಬ್ಬಿಣದ ಬಕೆಟ್ಟನ್ನು ಗರ್ರನೆ ತಿರುಗಿಸಿ ಅತ್ತೆಯ ಸೊಂಟಕ್ಕೆ ಬೀಸಿದ. ಅವತ್ತಿನಿಂದ ಆಕೆಯ ಎಡಗಾಲು ಎಳೆಯುತ್ತಿತ್ತು.

ಕೇಸು ಬಿದ್ದದ್ದು ಅತ್ತೆಯ ಮೇಲೆ. ಆಸ್ಪತ್ರೆಯಿಂದ ಸೀದಾ ಠಾಣೆಗೆ ಕರೆದೊಯ್ದರು. ಅದಕ್ಕೆ ಮೊದಲು, ಹೊಳೆದಂಡೆಯಲ್ಲಿ, ಉಡಿಯಲ್ಲಿದ್ದ ಎಲುಬುಗಳನ್ನು ನನ್ನ ಕೈಗೆ ಕೊಟ್ಟು, ಅವನ್ನು ಮತ್ತೆ ಮಣ್ಣಿಗೆ ಹಾಕಿಸಿದ ಮೇಲೆಯೇ ಆಸ್ಪತ್ರೆಗೆ ಹೋಗುವ ಜೀಪು ಹತ್ತಿದ್ದಳು. ಯಾರ ಎಲುಬು ಎಂದು ಯಾರಿಗೂ ಗೊತ್ತಿರಲಿಲ್ಲ. ಮಾವನದೇ ಇರಬಹುದಿತ್ತು. ನಾನು ಅದನ್ನು ಬಾಯಿಬಿಟ್ಟು ಕೇಳಿದಾಗ, "ಯಾರ್ದರ ಆಗ್ಲಿ, ನಮ್ಮೋರವು" ಎಂದಳು.

ಠಾಣೆಯಿಂದ ಬಂದ ಮೇಲೆ ಕೇರಿಯವರು ಆಕೆಯನ್ನು ಪಂಚಾಯ್ತಿಗೆ ನಿಲ್ಲಿಸಿದರು. ಗೆದ್ದಳು. ಮೆಂಬರ್ ಆದ ಮೇಲೂ ಗಿರಣಿ ಬಿಡಲಿಲ್ಲ. ರೇಷನ್ ಕಾರ್ಡಿಗೆ ಸಹಿ ಬೇಕಾದವರು ಸೀನುತ್ತ ಬಂದು, ಕಣ್ಣೀರು ಹಾಕುತ್ತ ಹೋಗುತ್ತಿದ್ದರು.

ಆಗ ಬಂತು ಅಧ್ಯಕ್ಷರ ಚುನಾವಣೆ. ಪಂಚಾಯ್ತಿ ಅಧ್ಯಕ್ಷರನ್ನು ಆರಿಸುವವರು ಊರ ಜನರಲ್ಲ, ಗೆದ್ದ ಮೆಂಬರುಗಳು. ಅದೂ ಗುಪ್ತ ಮತದಿಂದ. ಆ ಸಲ ಕುರ್ಚಿ ಹೆಂಗಸರಿಗೆ ಮೀಸಲಾಗಿತ್ತು. ಆ ಮರಳು ತೆಗೆಸುತ್ತಿದ್ದ ಸಾಹುಕಾರ ಮೆಂಬರಾಗಿದ್ದ ತನ್ನ ಹೆಂಡತಿಯನ್ನು ನಿಲ್ಲಿಸಿದ. ಎದುರಿಗೆ ನಿಂತವರು ಇನ್ನೊಬ್ಬ ಮೆಂಬರು, ನಿವೃತ್ತ ಅಂಗನವಾಡಿ ಟೀಚರು, ಕೈಯಲ್ಲಿ ಕಾಸಿಲ್ಲದ ಹೆಂಗಸು. ಸುಡುಗಾಡಿನ ಜಾಗ ಕಾಗದದಲ್ಲಿ ಪಂಚಾಯ್ತಿಯದು. ಅಧ್ಯಕ್ಷರು ಮನಸ್ಸು ಮಾಡಿ ಒಂದು ಠರಾವು ಪಾಸು ಮಾಡಿಸಿದರೆ ಸುಡುಗಾಡನ್ನು ಬೇರೆ ಕಡೆ ಎತ್ತಿ, ಅಲ್ಲಿ ಮರಳು ತೆಗೆಯಲು, ಟ್ರ್ಯಾಕ್ಟರ್ ಓಡಿಸಲು ದಾರಿ ಮಾಡಬಹುದು. ಟೀಚರು, ತಾನು ಗೆದ್ದರೆ ಸುಡುಗಾಡಿಗೆ ಬೇಲಿ ಹಾಕಿಸುತ್ತೇನೆಂದು ಮಾತು ಕೊಟ್ಟಿದ್ದರು. ಹೀಗಾಗಿ ನಮ್ಮ ಕೇರಿಯ ಸತ್ತವರೆಲ್ಲರ ಹಣೆಬರಹ ಆ ಒಂದು ಕುರ್ಚಿಯ ಮೇಲೆ ನಿಂತಿತ್ತು.

ಇಷ್ಟು ಸಣ್ಣ ಕುರ್ಚಿಗೆ ಅಷ್ಟು ದೊಡ್ಡ ದುಡ್ಡು ಎಲ್ಲಿಂದ ಬರುತ್ತದೆ ಎಂದು ಪಟ್ಟಣದ ಜನ ನನ್ನನ್ನು ಈಗಲೂ ಕೇಳುತ್ತಾರೆ. ಸಾಹುಕಾರನೊಬ್ಬನ ಜೇಬಿನಿಂದ ಬರುವುದಿಲ್ಲ. ಟ್ರ್ಯಾಕ್ಟರಿನ ಮಾಲೀಕರು, ಜೆಸಿಬಿಯವನು, ಬ್ರಾಂದಿ ಅಂಗಡಿಯವನು, ಕಾಂಕ್ರೀಟ್ ರಸ್ತೆಯ ಗುತ್ತಿಗೆದಾರ, ಊರ ಹೊರಗೆ ಲೇಔಟ್ ಮಾಡಬೇಕೆಂದಿದ್ದ ದಾವಣಗೆರೆಯ ಕಡೆಯವನು, ಹೀಗೆ ಎಲ್ಲರೂ ಹಾಕುತ್ತಾರೆ. ಕೈಯಿಂದ ಕೈಗೆ ಕೊಟ್ಟರೆ ಲಂಚವಾಗುತ್ತದೆ. ಅದಕ್ಕೆ ನಮ್ಮ ಕಡೆ ಒಂದು ಮರ್ಯಾದೆಯ ದಾರಿ ಇದೆ, ಮುಯ್ಯಿ. ಮದುವೆ, ಜವಳ, ಮನೆಯ ಪ್ರವೇಶ, ಏನಾದರೊಂದು ಕಾರ್ಯ ಮಾಡಿ ಊಟ ಹಾಕುವುದು. ಬಂದವರು ದುಡ್ಡೋ ಬಂಗಾರವೋ ಮುಯ್ಯಿ ಮಾಡುವುದು. ಇಂಥವರು ಇಂಥದ್ದು ಕೊಟ್ಟರು ಎಂದು ಮೈಕಿನಲ್ಲಿ ಕೂಗಿ ಹೇಳುವುದು. ಉಂಡ ಮುಯ್ಯಿಯನ್ನು ಮುಂದೆ ಅವರ ಮನೆಯ ಕಾರ್ಯದಲ್ಲಿ ಒಂದಿಷ್ಟು ಹೆಚ್ಚು ಸೇರಿಸಿ ತಿರುಗಿಸಲೇಬೇಕು. ತಿರುಗಿಸದವನು ಊರಲ್ಲಿ ತಲೆ ಎತ್ತುವಂತಿಲ್ಲ. ಸಾಲಕ್ಕೆ ಕಾಗದ ಬೇಕು, ಮುಯ್ಯಿಗೆ ಮೈಕು ಸಾಕು.

ಸಾಹುಕಾರ ಇದನ್ನೇ ಹಿಡಿದ. ಫಂಡು ಕೂಡಿಸಲು ಗೋಡೆಯ ಗಿಲಾಯಿ ಕೂಡ ಆರದ ಹೊಸ ಮನೆಯ ಪ್ರವೇಶಕ್ಕೆ ಮುಹೂರ್ತ ಇಡಿಸಿದ. ಅದಕ್ಕೆ ಮೊದಲು ಮೆಂಬರುಗಳ ಮನೆ ಮನೆಗೆ ಹೋಗಿ ತಾನೇ ಮುಯ್ಯಿ ಹಂಚಿದ. ಕಾರ್ಯ ಇದ್ದ ಮನೆಗೆ ಕಾರ್ಯದ ನೆಪ, ಇಲ್ಲದ ಮನೆಗೆ ಹುಡುಕಿ ತೆಗೆದ ನೆಪ. ಒಬ್ಬ ಮೆಂಬರಿನ ಮನೆಯಲ್ಲಿ ಎಮ್ಮೆ ಈದದ್ದಕ್ಕೂ ರೇಷ್ಮೆ ಸೀರೆ ಬಂತು. ಎಮ್ಮೆಗೆ ಅದು ಉದ್ದ ಸಾಲದಾಯಿತೆಂದು ನಮ್ಮ ಕೇರಿಯ ಹೆಂಗಸರು ನಕ್ಕರು. ಮುಯ್ಯಿ ಉಂಡವನ ಓಟು ಗುಟ್ಟಿನಲ್ಲೂ ತಪ್ಪುವುದಿಲ್ಲ ಎಂಬುದು ಸಾಹುಕಾರನ ನಂಬಿಕೆ.

ನಮ್ಮ ಮನೆಯಲ್ಲಿ ನಿಜವಾದ ಕಾರ್ಯವೇ ಇತ್ತು, ನನ್ನ ಮದುವೆ. ಕೇರಿಯ ಸಮುದಾಯ ಭವನದಲ್ಲಿ, ಬುದ್ಧನ ಪಟದ ಮುಂದೆ, ಬಿಳಿ ಸೀರೆ ಉಟ್ಟು ನಾನು ನಿಂತಿದ್ದಾಗ ಸಾಹುಕಾರ ಹೆಂಡತಿಯ ಜೊತೆ ಬಂದ. ಆ ಮನೆಯವರು ನಮ್ಮ ಕೇರಿಯ ಭವನಕ್ಕೆ ಕಾಲಿಟ್ಟದ್ದು ಅದೇ ಮೊದಲು. ಯಾರಾದರೂ ಬೇಡವೆನ್ನುವ ಮೊದಲೇ ಸಾಹುಕಾರ್ತಿ ನನ್ನ ಕೊರಳಿಗೆ ಬಂಗಾರದ ಸರ ಹಾಕಿದಳು. ಮೈಕಿನವನು ಊರಿಗೆಲ್ಲ ಕೇಳುವ ಹಾಗೆ ಕೂಗಿದ. ಸಾಹುಕಾರ ಊಟಕ್ಕೆ ಕೂರಲಿಲ್ಲ, ತಂದಿದ್ದ ಬಾಟಲಿಯ ಸೀಲು ತಾನೇ ಒಡೆದು ಆ ನೀರು ಕುಡಿದ. ಅತ್ತೆಯ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದ:

"ಯಕ್ಕಾ, ಹಳೇದೆಲ್ಲ ಮರ್ತುಬಿಡ್ರಿ. ಹುಡುಗಿ ನಮ್ಮ ಮನಿ ಮಗಳಿದ್ದಂಗ. ಮುಂದ ನೀವೂ ನಮ್ಮ ಮುಯ್ಯಿ ತೀರಿಸಿದ್ರಾತು."

"ತೀರಿಸ್ತೀನ್ರಿ ಸಾವ್ಕಾರ್ರ!" ಅತ್ತೆಯ ದನಿಗೆ ಮೈಕೇ ಬೇಕಾಗಿರಲಿಲ್ಲ. "ಇಟ್ಕೊಂಡು ತಿನ್ನೋ ಪೈಕಿ ಅಲ್ಲ ನಾವು, ತೀರಿಸೇ ತೀರಿಸ್ತೀನಿ!"

ಸಾಹುಕಾರನ ಮುಖ ಅರಳಿತು. ಅವನಿಗೆ ಕೇಳಿಸಿದ್ದು ಓಟು. ನಮ್ಮ ಕೇರಿಯವರಿಗೂ ಕೇಳಿಸಿದ್ದು ಅದೇ. ಊಟದ ಸಾಲಿನಲ್ಲೇ ಗುಸುಗುಸು ಶುರುವಾಯಿತು, ಗಿರಣಿಯವಳೂ ಉಂಡಳು ಎಂದು. ಕೇರಿಯ ಯಜಮಾನ ಎಲೆಯ ಮುಂದೆ ಕೂತು ಅನ್ನ ಮುಟ್ಟಲಿಲ್ಲ.

ಮರುದಿನ ಬೆಳಿಗ್ಗೆ ಗಂಡನ ಮನೆಗೆ ಹೊರಡುವ ಮೊದಲು ಅತ್ತೆ ಕೈ ಚಾಚಿದಳು.

"ಸರ ಬಿಚ್ಚು."

"ಅತ್ತಿ, ಮದುವ್ಯಾಗ ಬಂದದ್ದು..."

"ಅದು ಸರ ಅಲ್ಲಲೇ, ದನಕ್ಕ ಕಟ್ಟೋ ಹಗ್ಗ. ನನ್ನ ಕೊಳ್ಳಿಗೆ ಹಾಕಿದ್ರ ಹರಕೊಂತಾಳ ಅಂತ ನಿನ್ನ ಕೊಳ್ಳಿಗೆ ಹಾಕ್ಯಾರ. ಬಿಚ್ಚು."

ಬಿಚ್ಚಿ ಕೊಟ್ಟೆ. ಹಗರಿಬೊಮ್ಮನಹಳ್ಳಿಯ ನನ್ನ ಗಂಡನ ಮನೆಯವರು ಬರಿಗೊರಳಿನ ಸೊಸೆಯನ್ನು ನೋಡಿ ಬಹಳ ದಿನ ಮುಖ ಊದಿಸಿಕೊಂಡಿದ್ದರು. ಆ ಕಥೆ ಇಲ್ಲಿ ಬೇಡ.

ಸಾಹುಕಾರನ ಮನೆಪ್ರವೇಶಕ್ಕೆ ನಾನೂ ತವರಿಗೆ ಬಂದಿದ್ದೆ. ಪೆಂಡಾಲು, ಜನರೇಟರು, ಎರಡು ಕಡೆ ಊಟ. ನಮ್ಮವರಿಗೆ ಹಿತ್ತಲ ಕಡೆ. ಮುಯ್ಯಿಯ ಸಾಲು ಉದ್ದವಿತ್ತು. ಬ್ರಾಂದಿ ಅಂಗಡಿಯವನದು ಕೂಗಿದರು, ರಸ್ತೆ ಗುತ್ತಿಗೆದಾರನದು ಕೂಗಿದರು, ಪ್ರತಿ ಹೆಸರಿಗೂ ಸಾಹುಕಾರ ಕೈ ಮುಗಿದ. ಮುಂದಿನ ಸಾಲಿನಲ್ಲಿ ಮೆಂಬರುಗಳು ಹೊಸ ಅಂಗಿ ತೊಟ್ಟು ಕೂತಿದ್ದರು. ಅತ್ತೆ ಇಳಕಲ್ ಸೀರೆ ಉಟ್ಟು, ಹಿತ್ತಾಳೆಯ ತಟ್ಟೆ ಹಿಡಿದು, ಕಾಲು ಎಳೆಯುತ್ತ ಸಾಲಿನಲ್ಲಿ ಬಂದಳು. ತಟ್ಟೆಯಲ್ಲಿ ಅದೇ ಸರ, ಅದರ ಮೇಲೆ ಒಂದು ಕುಬಸದ ಖಣ, ಒಂದು ತೆಂಗಿನಕಾಯಿ. ಮೈಕು ಹಿಡಿದ ಭಜನೆಯ ಮುದುಕ ತಟ್ಟೆ ನೋಡಿದ, ಸಾಹುಕಾರನ ಮುಖ ನೋಡಿದ, ಬಾಯಿ ಬಿಡಲಿಲ್ಲ.

ಅತ್ತೆಯೇ ಕೂಗಿದಳು. "ಗಿರಣಿ ಮೆಂಬರು! ಬಂಗಾರದ ಸರ ಒಂದು, ಮ್ಯಾಲೆ ಖಣ ಒಂದು, ಕಾಯಿ ಒಂದು! ಸಾವ್ಕಾರ್ರು ನಮ್ಮ ಹುಡುಗಿ ಮದುವ್ಯಾಗ ಮಾಡಿದ ಮುಯ್ಯಿ ತಿರುಗಿ ಮುಟ್ಟೈತಿ. ಹೆಚ್ಚಿಗಿನೂ ಹಾಕೀನಿ. ಇನ್ನ ನಮ್ಮ ಕಡೆಯಿಂದ ಏನೂ ಬಾಕಿ ಇಲ್ಲ. ಕೂತೋರೆಲ್ಲಾ ಕೇಳಿರೇನ್ರಿ?"

ತಿರುಗಿ ಬಂದ ಮುಯ್ಯಿಯನ್ನು ಬೇಡವೆನ್ನುವ ಪದ್ಧತಿ ನಮ್ಮಲ್ಲಿಲ್ಲ. ಸಾಹುಕಾರ್ತಿ ಎರಡೂ ಕೈಯಲ್ಲಿ ತಟ್ಟೆ ಇಸಿದುಕೊಂಡು ಅತ್ತೆಗೆ ಕುಂಕುಮ ಕೊಡಬೇಕಾಯಿತು. ಸರದಿಯಲ್ಲಿ ಹಿಂದೆ ನಿಂತಿದ್ದ ಜೆಸಿಬಿ ಮಾಲೀಕ ಕೈಯಲ್ಲಿದ್ದ ಲಕೋಟೆಯನ್ನು ಮೆಲ್ಲಗೆ ಜೇಬಿಗೆ ಇಳಿಸಿದ್ದನ್ನು ನಾನು ಕಣ್ಣಾರೆ ಕಂಡೆ. ಒಂದು ಓಟು ಕಡಿಮೆಯಾಯಿತು ಎಂದರೆ ಹಾಕಿದ ದುಡ್ಡಿಗೆ ಖಾತ್ರಿ ಏನು ಎಂದು ಅವನು ಲೆಕ್ಕ ಹಾಕಿರಬೇಕು.

ಸಾಹುಕಾರ ನಕ್ಕ. ಅಷ್ಟು ಜನರ ಮುಂದೆ ನಗದೆ ಗತಿ ಇರಲಿಲ್ಲ. "ಊಟ ಮಾಡ್ಕೊಂಡು ಹೋಗ್ರಿ ಯಕ್ಕಾ" ಎಂದ.

"ನೀವು ನಮ್ಮಲ್ಲಿ ಉಂಡಿದ್ರ ಉಣ್ತಿದ್ದೆ. ಬಾಟ್ಲಿ ನೀರಿದ್ರ ಕೊಡ್ರಿ" ಎಂದಳು ಅತ್ತೆ. ಕೊಟ್ಟರು. ಅಲ್ಲೇ ನಿಂತು, ಸೀಲು ಒಡೆದು, ಗಟಗಟ ಕುಡಿದು, ಖಾಲಿ ಬಾಟಲಿಯನ್ನು ಸಾಹುಕಾರನ ಕೈಗೇ ಕೊಟ್ಟಳು.

ಮನೆಯವರೆಗೂ ನಾನು ನಕ್ಕೆ. ಕೇರಿಯ ಯಜಮಾನ ದಾರಿಯಲ್ಲಿ ಅತ್ತೆಯ ಮುಂದೆ ನಿಂತು ಭಲೆ ಎನ್ನುವಂತೆ ತಲೆ ಆಡಿಸಿದ. ನಮಗೆಲ್ಲ ಅವತ್ತು ಹಬ್ಬ.

ಮರುದಿನ ಮಧ್ಯಾಹ್ನ ಸಾಹುಕಾರನ ಕಡೆಯವರು ಬಂದರು. ಮುಖಕ್ಕೆ ಬಟ್ಟೆ ಕೂಡ ಕಟ್ಟಿರಲಿಲ್ಲ. ಅತ್ತೆಯ ಕಲ್ಲು ತಿಂದ ಡ್ರೈವರನೂ ಅವರಲ್ಲಿದ್ದ, ಹಣೆಯ ಮೇಲೆ ಹೊಲಿಗೆಯ ಗುರುತು. ಯಂತ್ರ ಓಡುತ್ತಿದ್ದುದರಿಂದ ಒಳಮನೆಯಲ್ಲಿದ್ದ ನನಗೆ ಮೊದಲು ಏನೂ ಕೇಳಿಸಲಿಲ್ಲ. ಕೇಳಿಸಿದ್ದು ಅತ್ತೆಯ ಕೂಗು. ಒನಕೆಯ ಸದ್ದನ್ನೂ ಮೀರಿದ ಕೂಗು. ಓಡಿ ಬಂದೆ. ಇಬ್ಬರು ಆಕೆಯ ಕೂದಲು ಹಿಡಿದು ಬಗ್ಗಿಸಿದ್ದರು. ಡ್ರೈವರ್ ಆಕೆಯ ಬಲಗೈಯನ್ನು ಒರಳಿನ ಮೇಲೆ ಒತ್ತಿ ಹಿಡಿದಿದ್ದ. "ಮುಯ್ಯಿ ತೀರಿಸ್ತೀಯೇನಬೇ? ಈ ಕೈಲೇ ತೀರಿಸಿದ್ಯೇನು?" ಎನ್ನುತ್ತಿದ್ದ. ಒನಕೆ ಮೇಲೆ ಹೋಗಿ ಬಂತು. ಮತ್ತೆ ಹೋಗಿ ಬಂತು.

ನಾನು ಸ್ವಿಚ್ಚು ಕಿತ್ತೆ. ಯಂತ್ರ ನಿಲ್ಲುವಷ್ಟರಲ್ಲಿ ಆಗುವುದು ಆಗಿಹೋಗಿತ್ತು. ಒರಳಿನಲ್ಲಿದ್ದ ಖಾರಪುಡಿ ಯಾವುದು, ರಕ್ತ ಯಾವುದು ತಿಳಿಯುತ್ತಿರಲಿಲ್ಲ. ಆ ಸ್ಥಿತಿಯಲ್ಲೂ ಅತ್ತೆ ಕೂದಲು ಹಿಡಿದವರಲ್ಲೊಬ್ಬನ ಕಿವಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದಳು. ಅವನು ಹಂದಿ ಹಾಗೆ ಅರಚುತ್ತಿದ್ದ. ಇನ್ನೊಬ್ಬ ಕ್ಯಾನಿನಲ್ಲಿ ತಂದಿದ್ದ ಡೀಸೆಲ್ಲನ್ನು ಮೆಣಸಿನಕಾಯಿಯ ಚೀಲಗಳ ಮೇಲೆ ಸುರಿದು ಕಡ್ಡಿ ಗೀರಿದ.

ಮೂರ್ಖರು. ಮೆಣಸಿನಕಾಯಿ ಚೀಲಕ್ಕೆ ಬೆಂಕಿ ಇಟ್ಟವನಿಗೆ ಬಾಗಿಲು ಹುಡುಕಿಕೊಳ್ಳುವಷ್ಟೂ ಸಮಯ ಸಿಗುವುದಿಲ್ಲ. ಆ ಘಾಟು ಗಿರಣಿ ತುಂಬಿ, ಬೀದಿ ತುಂಬಿ, ಮೇಲಿನ ಓಣಿಯವರೆಗೆ ಹೋಯಿತು. ಊರೆಲ್ಲ ಕೆಮ್ಮಿತು. ಆರಿಸಲು ಬಂದವರು ಹತ್ತಿರ ಬರಲಾಗದೆ ಕಣ್ಣು ಹಿಡಿದುಕೊಂಡು ಕೂತರು. ನಾನು ಅತ್ತೆಯನ್ನು ಕಂಕುಳಲ್ಲಿ ಹಿಡಿದು ಹಿತ್ತಲ ಬಾಗಿಲಿನಿಂದ ಎಳೆದುಕೊಂಡು ಹೊರಗೆ ಬಿದ್ದೆ. ಅವರಲ್ಲಿ ಉಳಿದವರು ಹೇಗೋ ಬೈಕು ಹತ್ತಿ ಓಡಿದರು. ಡ್ರೈವರ್ ಮಾತ್ರ ಕಣ್ಣು ಕಾಣದೆ ಓಡಿ ಚರಂಡಿಗೆ ಬಿದ್ದ. ಕೇರಿಯ ಹೆಂಗಸರು ಅವನನ್ನು ಚರಂಡಿಯಲ್ಲೇ ಹಿಡಿದರು. ಕಸಬರಿಗೆ, ಚಪ್ಪಲಿ, ಒಲೆಯ ಕಟ್ಟಿಗೆ, ಸಿಕ್ಕಿದ್ದರಲ್ಲಿ ಹೊಡೆದರು. ಅತ್ತೆಯನ್ನು ಆಟೋಗೆ ಹತ್ತಿಸಿ ನಾನೂ ಹೋಗಿ ಹೊಡೆದೆ. ಪೊಲೀಸರು ಬಂದು ಬಿಡಿಸದಿದ್ದರೆ ಅವನು ಅಲ್ಲೇ ಮುಗಿಯುತ್ತಿದ್ದ. ಆ ಹೊಡೆತಗಳ ಬಗ್ಗೆ ನನಗೆ ಇವತ್ತಿಗೂ ಒಂದು ಚೂರು ಬೇಸರವಿಲ್ಲ.

ದಾವಣಗೆರೆಯ ಆಸ್ಪತ್ರೆಯಲ್ಲಿ ಅತ್ತೆಯ ಬಲಗೈಯ ನಡುವಿನ ಬೆರಳುಗಳನ್ನು ತೆಗೆದರು. ಹೆಬ್ಬೆರಳು, ಕಿರುಬೆರಳು ಉಳಿದವು. ಚುನಾವಣೆಯ ದಿನ ಡಾಕ್ಟರು ಎಷ್ಟು ಬೈದರೂ ಕೇಳದೆ ಮಂಚದಿಂದ ಇಳಿದಳು. ನಾನು ಕಾರು ಮಾಡಿಕೊಂಡು ಕರೆತಂದೆ. ಪಂಚಾಯ್ತಿ ಕಚೇರಿಯ ಮುಂದೆ ಒಂದು ವ್ಯಾನು ಬಂದು ನಿಂತಿತ್ತು. ಸಾಹುಕಾರ ಮನೆಪ್ರವೇಶದ ರಾತ್ರಿಯೇ ಮೆಂಬರುಗಳನ್ನು ಎತ್ತಿಕೊಂಡು ಹೋಗಿ ದಾಂಡೇಲಿಯ ಕಡೆ ಯಾವುದೋ ರೆಸಾರ್ಟಿನಲ್ಲಿ ಇಟ್ಟು, ತಿನ್ನಿಸಿ ಕುಡಿಸಿ, ಸೀದಾ ಅಲ್ಲಿಗೆ ಇಳಿಸಿದ್ದ. ಅವರ ಮೊಬೈಲುಗಳು ಕೂಡ ಅವನ ಹತ್ತಿರವೇ ಇದ್ದವು. ಗಿರಣಿಯ ಸುದ್ದಿ ಅವರಿಗೆ ತಲುಪಿರಲಿಲ್ಲ.

ಅತ್ತೆಯನ್ನು ನೋಡಿ ಅವರು ತಬ್ಬಿಬ್ಬಾದರು. ಆಕೆ ಒಬ್ಬೊಬ್ಬರ ಮುಂದೂ ನಿಂತು ಕಟ್ಟು ಹಾಕಿದ ಕೈಯನ್ನು ಅವರ ಮೂಗಿನ ಹತ್ತಿರ ಹಿಡಿದಳು. ರಕ್ತ ಇನ್ನೂ ಒಸರುತ್ತಿತ್ತು.

"ನೋಡ್ರಿ, ಸಾವ್ಕಾರ್ರು ನನಗ ಮಾಡಿದ ಎರಡನೇ ಮುಯ್ಯಿ ಇದು. ನಿಮ್ಮ ಮನ್ಯಾಗ ಕೊಟ್ಟದ್ದು ತಿರುಗಿಸದಿದ್ರ ನಿಮಗೂ ಇದಾ ಬರ್ತೈತಿ. ತಿರುಗಿಸಿದ್ರೂ ಬರ್ತೈತಿ."

ಒಳಗೆ ನಡೆದದ್ದನ್ನು ಟೀಚರು ಆಮೇಲೆ ನನಗೆ ಹೇಳಿದರು. ಚುನಾವಣಾಧಿಕಾರಿ ಅತ್ತೆಗೆ, "ಎಡಗೈಯಲ್ಲೇ ಗುರುತು ಹಾಕಿ, ಯಾರಿಗೂ ತೋರಿಸಬೇಡಿ, ಇದು ಗುಪ್ತ ಮತ" ಎಂದರಂತೆ. "ಗುಪ್ತ ಇರೋದು ಅವ್ರಿಗ್ರಿ, ನನ್ನದು ಊರಿಗೇ ಗೊತ್ತೈತಿ" ಎಂದು ಅತ್ತೆ ಎಂದಿನ ದನಿಯಲ್ಲೇ ಹೇಳಿ, ಮರೆಗೆ ಹೋಗಿ ಗುರುತು ಹಾಕಿ ಬಂದಳಂತೆ. ಎಣಿಸಿದಾಗ ಟೀಚರು ಗೆದ್ದಿದ್ದರು. ಬರೀ ಅತ್ತೆಯ ಓಟಿನಿಂದ ಅವರು ಗೆಲ್ಲುವುದು ಸಾಧ್ಯವೇ ಇರಲಿಲ್ಲ. ವ್ಯಾನಿನಿಂದ ಇಳಿದವರಲ್ಲಿ ಕೆಲವರು ತಿರುಗಿದ್ದರು. ಯಾರು ಎಂದು ಅವತ್ತೂ ಗೊತ್ತಾಗಲಿಲ್ಲ, ಇವತ್ತೂ ಗೊತ್ತಿಲ್ಲ.

ಆ ಸಂಜೆ ಸಾಹುಕಾರನ ಹೊಸ ಮನೆಗೆ ಮುಯ್ಯಿ ಮಾಡಿದವರೆಲ್ಲ ಬಂದರು. ಕುರ್ಚಿಯೇ ಇಲ್ಲದ ಮೇಲೆ ನಮ್ಮ ಮುಯ್ಯಿ ಹೇಗೆ ತಿರುಗಿಸುತ್ತೀಯ ಎಂದು ಕೇಳಿದರು. ಮಾತು ಮಾತಿಗೆ ಹತ್ತಿ, ಕೈ ಕೈಗೆ ಹತ್ತಿತು. ಕಿಟಕಿಯ ಗಾಜು ಹೋದವು, ಟಿವಿ ಅಂಗಳಕ್ಕೆ ಬಂತು. 'ಸಾವ್ಕಾರ್ರ, ಸಾವ್ಕಾರ್ರ' ಎಂದು ಕೈ ಮುಗಿಯುತ್ತಿದ್ದ ಟ್ರ್ಯಾಕ್ಟರಿನವರೇ ಅವನನ್ನು ಅವನ ಪಡಸಾಲೆಯಲ್ಲೇ ಕೆಡವಿ ಒದ್ದರು. ನಾನು ನೋಡಲೆಂದೇ ಹೋಗಿದ್ದೆ. ಚೆನ್ನಾಗಿತ್ತು.

ಸುಡುಗಾಡಿಗೆ ಕಲ್ಲು ಕಂಬದ ಬೇಲಿ ಬಂತು. ಅತ್ತೆ ಗಿರಣಿಯನ್ನು ಮತ್ತೆ ಎಬ್ಬಿಸಿದಳು. ಉಳಿದ ಎರಡು ಬೆರಳಿನಲ್ಲಿ ಮೆಣಸಿನಕಾಯಿಯ ತೊಟ್ಟು ಮುರಿಯುವುದನ್ನು ರೂಢಿ ಮಾಡಿಕೊಂಡಳು. ಹೊಗೆ ಕುಡಿದ ಎದೆ ಮಾತ್ರ ಮತ್ತೆ ಸರಿಹೋಗಲಿಲ್ಲ. ಕೂಗುವ ನಡುವೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದಳು. ದಿನಾ ಮಧ್ಯಾಹ್ನ ಬೇಲಿಯ ಸುತ್ತ ಒಂದು ಸುತ್ತು ಹಾಕಿ ಬರುತ್ತಿದ್ದಳು. ಕಂಬ ಕಿತ್ತಿದ್ದರೆ ನಿಲ್ಲಿಸಿ, ತಂತಿ ಕತ್ತರಿಸಿದ್ದರೆ ಕಟ್ಟಿ ಬರುತ್ತಿದ್ದಳು. ಸಾಲದಲ್ಲಿ ಮುಳುಗಿದ್ದ ಸಾಹುಕಾರನಿಗೆ ಈಗ ಆ ಮರಳು ಮೊದಲಿಗಿಂತ ಹೆಚ್ಚು ಬೇಕಾಗಿತ್ತು. ನಾನು ಹಗರಿಬೊಮ್ಮನಹಳ್ಳಿಗೆ ಬಂದುಬಿಡು, ನನ್ನ ಸಂಬಳ ಇಬ್ಬರಿಗೂ ಸಾಕು ಎಂದು ಕರೆದೆ. "ನಾ ಬಂದ್ರ ಅವ್ರನ್ನ ಯಾರ್ ನೋಡ್ತಾರಲೇ?" ಎಂದಳು. ಅವರು ಎಂದರೆ ಸತ್ತವರು.

ಮುಂದಿನ ಬೇಸಿಗೆಯಲ್ಲಿ, ಹಾಡುಹಗಲೇ, ಬೇಲಿ ನೋಡಿ ಬರುತ್ತಿದ್ದ ಅತ್ತೆಯ ಮೇಲೆ ನಂಬರ್ ಇಲ್ಲದ ಟ್ರ್ಯಾಕ್ಟರ್ ಹರಿಯಿತು. ಅಪಘಾತ ಎಂದು ಬರೆದುಕೊಂಡರು. ಅಪಘಾತ ಮಾಡಿದ ಟ್ರ್ಯಾಕ್ಟರ್ ನಿಲ್ಲುತ್ತದೆ, ಇಲ್ಲವೇ ಮುಂದೆ ಓಡಿಹೋಗುತ್ತದೆ. ಇದು ಹಿಂದಕ್ಕೆ ಬಂದು ಮತ್ತೊಮ್ಮೆ ಹರಿದಿತ್ತು. ಗಾಲಿಯ ಗುರುತನ್ನು ನಾನೇ ಪೊಲೀಸರಿಗೆ ತೋರಿಸಿದೆ. ನೋಡಿದರು, ಹೌದು ಎಂದರು, ಅಪಘಾತ ಎಂದೇ ಬರೆದರು.

ಹರಪನಹಳ್ಳಿಯ ಶವಾಗಾರದಿಂದ ಅತ್ತೆಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ತಂದು ಗಿರಣಿಯ ಮುಂದೆ ಮಲಗಿಸಿದಾಗ ಕೇರಿಯ ಯಜಮಾನ ನನ್ನನ್ನು ಪಕ್ಕಕ್ಕೆ ಕರೆದ.

"ಹುಡುಗೀ, ಸಾವ್ಕಾರ್ರ ಕಡೆಯೋರು ಬಂದಿದ್ರು. ಹೊಸ ಜಾಗ ಕೊಡ್ತಾರಂತ, ಡಾಂಬರು ರಸ್ತಿ ಪಕ್ಕ. ಕಂಪೌಂಡು, ನಳ, ಬಾಗಿಲಿಗೆ ಆರ್ಚು. ಆರ್ಚಿನ ಮ್ಯಾಲೆ ನಿಮ್ಮ ಅತ್ತಿ ಹೆಸರು. ಮೊದಲನೇ ಮಣ್ಣು ಆಕೀದಾ ಆಗ್ಲಿ ಅಂತಾರ."

ಅಧ್ಯಕ್ಷಗಿರಿಗೆ ಕೂಡಿಸಿದಂತೆ ಟ್ರ್ಯಾಕ್ಟರಿನವರೆಲ್ಲ ಸೇರಿ ಈಗ ಸುಡುಗಾಡಿಗೂ ಫಂಡು ಕೂಡಿಸಿದ್ದರು. ಅತ್ತೆಯನ್ನು ಹೊಸ ಜಾಗದಲ್ಲಿಟ್ಟರೆ ಕೇರಿಯವರೇ ಹಳೆಯದನ್ನು ಬಿಟ್ಟರು ಎಂದಾಗುತ್ತದೆ. ಆಮೇಲೆ ಬೇಲಿ ಕೀಳಲು ಯಾರನ್ನೂ ಕೊಲ್ಲಬೇಕಾಗಿಲ್ಲ.

"ಯಜಮಾನ್ರ, ನೀವೇನಂದ್ರಿ?"

ಯಜಮಾನ ಕೆಟ್ಟವನಲ್ಲ. ಅವನ ಕಣ್ಣು ತುಂಬಿದ್ದವು. "ಇನ್ನ ಎಷ್ಟು ಮಂದಿ ಸಾಯಬೇಕವ್ವಾ?" ಎಂದ.

ನಾನು ಗಿರಣಿಯ ಮೂಲೆಯಲ್ಲಿದ್ದ ಗುದ್ದಲಿ ಎತ್ತಿಕೊಂಡು ಹೊಳೆಯ ಕಡೆ ನಡೆದೆ. ನಮ್ಮಲ್ಲಿ ಮಣ್ಣು ಕೊಡಲು ಹೆಂಗಸರು ಹೋಗುವುದಿಲ್ಲ, ಊರ ಹೊರಗಿನ ಕಲ್ಲಿನ ಹತ್ತಿರವೇ ನಿಂತು ಅಳುತ್ತಾರೆ. ಕಲ್ಲು ದಾಟಿದ ಮೇಲೆ ಹಿಂದೆ ತಿರುಗಿ ನೋಡಿದೆ. ಕೇರಿಯ ಹೆಂಗಸರೆಲ್ಲ ಅತ್ತೆಯನ್ನು ಹೆಗಲ ಮೇಲೆ ಹೊತ್ತುಕೊಂಡು ಬರುತ್ತಿದ್ದರು. ಗಂಡಸರು ಇನ್ನೂ ಗಿರಣಿಯ ಮುಂದೆ ನಿಂತಿದ್ದರು.

ಮಾವನ ಪಕ್ಕದಲ್ಲಿ ಜಾಗವಿತ್ತು. ಅತ್ತೆ ತನಗೆಂದು ಅಲ್ಲೊಂದು ಕಲ್ಲನ್ನೂ ಇಟ್ಟುಕೊಂಡಿದ್ದಳು. ನಾನು ಅಲ್ಲಿ ಗುದ್ದಲಿ ಹಾಕಲಿಲ್ಲ. ಬೇಲಿ ದಾಟಿ, ಹೊಳೆಯ ಕಡೆಯ ತುದಿಗೆ, ಜೆಸಿಬಿ ಅಗೆದು ಬಿಟ್ಟುಹೋದ ಗುಂಡಿಯ ಅಂಚಿಗೆ ಹೋಗಿ ಅಗೆಯತೊಡಗಿದೆ. ಕೈ ಬೊಬ್ಬೆ ಬಂದು ಒಡೆಯುವ ಹೊತ್ತಿಗೆ ಯಾರೋ ಹಿಂದಿನಿಂದ ಗುದ್ದಲಿ ಇಸಿದುಕೊಂಡರು. ಯಜಮಾನ. ಅವನ ಹಿಂದೆ ಉಳಿದವರೂ ಬಂದಿದ್ದರು. ಒಬ್ಬರಾದ ಮೇಲೆ ಒಬ್ಬರು ಅಗೆದು, ಅತ್ತೆಯನ್ನು ಅಲ್ಲೇ ಮಣ್ಣು ಮಾಡಿದರು.

ಆ ಕಡೆಯಿಂದ ಒಳಗೆ ಬರುವ ಯಂತ್ರ ಈಗ ಮೊದಲು ಅತ್ತೆಯನ್ನು ಕಿತ್ತೇ ಮುಂದಕ್ಕೆ ಬರಬೇಕು. ಹೊಸ ಜಾಗದ ಆರ್ಚು ರಸ್ತೆಯ ಪಕ್ಕ ಹೆಸರಿಲ್ಲದೆ ನಿಂತಿದೆ. ನಾನು ಊರಿಗೆ ಹೋದಾಗಲೆಲ್ಲ ಮೊದಲು ಹೊಳೆದಂಡೆಗೆ ಹೋಗಿ ಆ ಅಂಚನ್ನು ನೋಡುತ್ತೇನೆ. ಇಷ್ಟು ಕಾಲವಾಯಿತು, ಇನ್ನೂ ಯಾರೂ ಬಂದಿಲ್ಲ.